ಕೀಲಿ ಬೇಡದ ಹುಣ್ಣಿಮೆ

ಸೂಪರ್ ಮಾರ್ಕೆಟ್

ನಾನು ಕೀಲಿ ಮಾರುವವನು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅರಿವೆ ಅಂಗಡಿಗಳ ಸಾಲು ಮುಗಿದು ಕಿರಾಣಿ ಅಂಗಡಿಗಳು ಸುರುವಾಗುವ ತಿರುವಿನಲ್ಲಿ ನಮ್ಮ ಅಪ್ಪನ ಕಾಲದ ಅಂಗಡಿ ಇದೆ. ಮೊಳೆ, ತಿರುಪು, ಚಿಲಕ, ಕೊಂಡಿ ಎಲ್ಲ ಇಟ್ಟಿದ್ದರೂ ಊರವರ ಬಾಯಲ್ಲಿ ನಾನು ‘ಕೀಲಿ ಶರಣಪ್ಪ’. ನಿಮ್ಮ ಕಡೆ ಬೀಗ ಅನ್ನುತ್ತೀರೇನೋ. ನಮಗೆ ಅದು ಕೀಲಿ, ಅದನ್ನು ತೆರೆಯುವುದು ಕೀಲಿಕೈ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: “ಗಟ್ಟಿ ಅದ ಏನ್ರೀ?” ಗಟ್ಟಿ ಇದೆ ಎಂದರೆ ಯಾರೂ ನಂಬುವುದಿಲ್ಲ. ಎಳೆದು ನೋಡುತ್ತಾರೆ, ಕಟ್ಟೆಗೆ ಕುಟ್ಟಿ ನೋಡುತ್ತಾರೆ. ಒಬ್ಬ ಪುಣ್ಯಾತ್ಮ ಹಲ್ಲಿನಿಂದ ಕಚ್ಚಿಯೂ ನೋಡಿದ್ದ. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಪರರ ಮೇಲೆ ನಂಬಿಕೆ ಇದ್ದವರು ಕೀಲಿ ಅಂಗಡಿಗೆ ಯಾಕೆ ಬರುತ್ತಾರೆ?

ಇಂಥವನು ಸಮುದ್ರ ದಾಟಿ ಶ್ರೀಲಂಕಾಕ್ಕೆ ಹೋಗಿ ಬಂದದ್ದು ನನ್ನ ಗೆಳೆಯ ವಾಮನರಾವ ಕುಲಕರ್ಣಿಯವರ ದೆಸೆಯಿಂದ. ರಾಯರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಉರ್ದು. ಕುಸನೂರಿನ ಕಡೆ ಮನೆ ಕಟ್ಟಿಸಿಕೊಂಡಿದ್ದರೂ ಸಂಜೆಯಾದರೆ ನಮ್ಮ ಅಂಗಡಿಯ ಮೆಟ್ಟಿಲಿಗೆ ಬಂದು ಕೂಡಬೇಕು. ಅವರ ಮನೆಯ ಹತ್ತಿರವೇ ಇರುವ ವಿಶ್ವವಿದ್ಯಾಲಯದಲ್ಲಿ ಒಂದು ವೈಶಾಖ ಹುಣ್ಣಿಮೆಗೆ ಬುದ್ಧನ ಪಂಚಶೀಲದ ಮೇಲೆ ಭಾಷಣವಿತ್ತು. ಅದನ್ನು ಕೇಳಿದವರೇ ನೆಟ್ಟಗೆ ಅಂಗಡಿಗೆ ಬಂದರು.

“ಶರಣಪ್ಪಾ, ಜಗತ್ತಿನಾಗ ಎಲ್ಲಾರೂ ಪಂಚಶೀಲ ಹಿಡದರು ಅಂತ ತಿಳಕೋ. ಕೊಲ್ಲೂಹಂಗಿಲ್ಲ. ಕೊಡದ ವಸ್ತು ತಗೊಳ್ಳೂಹಂಗಿಲ್ಲ. ಪರರ ಸಂಸಾರಕ್ಕ ಕೈ ಹಾಕೂಹಂಗಿಲ್ಲ. ಸುಳ್ಳು ಹೇಳೂಹಂಗಿಲ್ಲ, ಕುಡಿಯೂಹಂಗಿಲ್ಲ. ಆವಾಗ ನಮ್ಮ ಊರು ಹ್ಯಾಂಗ ನಡೀತದ?”

“ಮೊದಲಿಗಿ ನನ್ನ ಅಂಗಡಿ ಮುಚ್ಚತದ್ರೀ ರಾಯರ,” ಎಂದೆ.

“ನಿನ್ನ ಹಿಂದಿಂದ ಕೋರ್ಟು. ಆಮ್ಯಾಲ ಠಾಣೆ, ಜೇಲು. ನಂದೂರಿನ ದಾಲ್ ಮಿಲ್ಲಿನಾಗ ತೊಗರಿಬ್ಯಾಳಿ ಒಳಗ ಬರೇ ತೊಗರಿಬ್ಯಾಳಿ ಇರ್ತದ. ಇಲೆಕ್ಷನ್ ಬಂತಂದ್ರ ಸ್ಟೇಜ್ ಮ್ಯಾಲ ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಅಂದು ಇಳದು ಹೋಗ್ತಾರ. ಅದರ ಮುಂದ ಹೇಳ್ಲಿಕ್ಕೆ ಏನೂ ಉಳಿಯಂಗಿಲ್ಲ!”

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ನನ್ನ ಹೆಂಡತಿ ಕಸ್ತೂರಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸಂಜೆ ಗಿರಾಕಿಗಳು ಮುತ್ತಿಕೊಳ್ಳುವ ಹೊತ್ತಿಗೆ ಅವಳೂ ಅಂಗಡಿಗೆ ಬರುವ ರೂಢಿ.

“ರಾಯರ, ತಗಣಿಗಿ ಏನ್ ಮಾಡ್ತೀರಿ?” ಎಂದಳು.

“ಅಂದ್ರ?”

“ಹಾಸಗ್ಯಾಗ ತಗಣಿ ಆಗ್ಯಾವ. ಕೊಲ್ಲಂಗಿಲ್ಲ ಅಂತೀರಿ. ಮತ್ತ ರಾತ್ರಿ ಮಲಗೂದು ಹ್ಯಾಂಗ? ಇನ್ನ ಸುಳ್ಳಿನ ಮಾತು. ‘ಈ ಸೀರಿ ನನಗ ಒಪ್ತದೇನ್ರೀ’ ಅಂತ ನಾ ಕೇಳಿದಾಗ ಇವರು ಏನಂತ ಹೇಳಬೇಕು?”

ನಾನು ತಕ್ಕಡಿ ಒರೆಸತೊಡಗಿದೆ.  ರಾಯರು, ಇದು ಕೂತು ಮಾತಾಡಿದರೆ ತಿಳಿಯುವುದಿಲ್ಲ, ಹೋಗಿ ನೋಡಬೇಕು ಎಂದರು. ಊರಿಗೆ ಊರೇ ಶೀಲ ತೆಗೆದುಕೊಳ್ಳುವ ದಿನವೊಂದು ಶ್ರೀಲಂಕಾದಲ್ಲಿದೆಯಂತೆ, ಅದು ಇದೇ ವೈಶಾಖದ ಹುಣ್ಣಿಮೆಯಂತೆ. ಅಲ್ಲಿಯ ಯುದ್ಧ ಆಗ ನಿಂತಿತ್ತು.

ಮುಂದಿನ ವರ್ಷ ಹುಣ್ಣಿಮೆ ಬರುವಷ್ಟರಲ್ಲಿ ಮೂವರ ಪಾಸ್‌ಪೋರ್ಟೂ ಕೈಗೆ ಬಂದಿದ್ದವು. ಕಮಲಾಪುರದಲ್ಲಿ ಬಾಳೆ, ತೊಗರಿ ಬೆಳೆಯುವ ನಮ್ಮಣ್ಣನಿಗೆ ಸಂಗತಿ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಹೋಗಿ ಬಾ ತಮ್ಮಾ. ಬರೂ ಮುಂದ ನನ್ನ ತೊಗರಿಯೊಳಗಿನ ಕೀಡಿಗಳಿಗೂ ಪಂಚಶೀಲ ಕಲಿಸ್ಕೊಂಡು ಬಾ.”

ಕೊಲಂಬೊ

ಮೊದಲ ಪೇಚು ವಿಮಾನ ನಿಲ್ದಾಣದಲ್ಲೇ. ಪರದೇಶದಲ್ಲಿ ಉಪವಾಸ ಬೀಳಬಾರದೆಂದು ಕಸ್ತೂರಿ ಖಡಕ್ ರೊಟ್ಟಿಯ ಗಂಟು, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ತಂದಿದ್ದಳು. ಸುಂಕದ ಅಧಿಕಾರಿ ರೊಟ್ಟಿಯೊಂದನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ತಟ್ಟಿ, ಅದರ ಸದ್ದು ಕೇಳಿ ಇನ್ನೊಬ್ಬ ಅಧಿಕಾರಿಯನ್ನು ಕರೆದ. ಇದು ತಿನ್ನುವ ವಸ್ತು ಎಂದು ರಾಯರು ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ಇಬ್ಬರೂ ನಂಬಲಿಲ್ಲ. ಕಡೆಗೆ ಕಸ್ತೂರಿಯೇ ಒಂದು ತುಂಡು ಮುರಿದು, ಹಿಂಡಿ ಹಚ್ಚಿ ಮೊದಲಿನವನ ಕೈಗಿಟ್ಟಳು. ತಿಂದವನ ಕಣ್ಣು ಕೆಂಪಗಾಯಿತು. ಕೆಮ್ಮುತ್ತಲೇ ಹೋಗಿರೆಂದು ಕೈ ಮಾಡಿದ. ಹೊರಗೆ ಬಂದು ತಿರುಗಿ ನೋಡಿದರೆ ಇನ್ನೊಬ್ಬನು ಉಳಿದ ತುಂಡಿಗೆ ಕೈ ಚಾಚಿದ್ದ.

ನಮ್ಮ ವ್ಯಾನಿನ ಚಾಲಕ ನಿಮಲ್. ಅವನ ಭಾಷೆ ನಮಗೆ ಬಾರದು, ನಮ್ಮದು ಅವನಿಗೆ ತಿಳಿಯದು ಎಂದು ನಾವು ಅಂಜುತ್ತಿದ್ದರೆ, ಅವನು ನನ್ನ ಪೆಟ್ಟಿಗೆ ಎತ್ತಿಕೊಳ್ಳುತ್ತ “ಕೈಸಾ ಹೈ ಸೇಠ್?” ಎಂದ. ಕೆಲವು ವರ್ಷ ದುಬೈಯಲ್ಲಿ ಹೈದರಾಬಾದಿನವರ ಜೊತೆ ಕೆಲಸ ಮಾಡಿದ್ದನಂತೆ. ಅವನ ಹಿಂದಿಗೆ ವ್ಯಾಕರಣವೇ ಇರಲಿಲ್ಲ. ನನ್ನದಕ್ಕೂ ಇಲ್ಲ. ಆದ್ದರಿಂದ ನಮ್ಮಿಬ್ಬರ ನಡುವೆ ಒಮ್ಮೆಯೂ ತಪ್ಪು ತಿಳಿವಳಿಕೆ ಬರಲಿಲ್ಲ.

ಹುಣ್ಣಿಮೆಯ ಹಿಂದಿನ ಸಂಜೆ. ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ಗೂಡುದೀಪಗಳು ಮನೆಮನೆಯ ಮುಂದೆ ತೂಗುತ್ತಿದ್ದವು. ಈ ದಿನಗಳಲ್ಲಿ ಸೆರೆಯಂಗಡಿ ಬಂದ್, ಮಾಂಸದಂಗಡಿ ಬಂದ್ ಎಂದು ನಿಮಲ್ ಹೇಳಿದ. ಅವು ಬಂದಾದರೆ ಜನ ಏನು ಮಾಡುತ್ತಾರೆ ಎಂದು ನಾನು ಕೇಳಿದೆ. “ಬೀವಿ ಕೆ ಸಾಥ್ ಘೂಮ್ನಾ,” ಎಂದ. ನಿಜ, ದಾರಿಯ ತುಂಬ ಗಂಡ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ದೀಪ ನೋಡುತ್ತ ಸುತ್ತುತ್ತಿದ್ದರು.

ಬೆಳಿಗ್ಗೆ ನಾವು ಇಳಿದುಕೊಂಡಿದ್ದ ಕಡೆಯ ವಿಹಾರಕ್ಕೆ ಹೊರಡಬೇಕು, ಎಲ್ಲರೂ ಬಿಳಿ ಬಟ್ಟೆ ಉಡಬೇಕು ಎಂದು ನಿಮಲ್ ಹೇಳಿದಾಗ ಕಸ್ತೂರಿ ಮುಖ ಗಂಟಿಕ್ಕಿದಳು.

“ಬಿಳಿ ಸೀರಿ ನಾ ಯಾಕ ಉಡ್ಲಿ? ನೀವು ಇನ್ನಾ ಚಲೋನೇ ಅದೀರಿ!”

ಅಲ್ಲಿ ಬಿಳಿ ಎಂದರೆ ಹಬ್ಬದ ಬಣ್ಣ ಎಂದು ತಿಳಿಹೇಳಿದರೂ ಅವಳು ಅರಿಸಿನ ಬಣ್ಣದ ಸೀರೆಯನ್ನೇ ಉಟ್ಟಳು. ಬಿಳಿಯ ಜನಸಾಗರದ ನಡುವೆ ಅವಳೊಬ್ಬಳೇ ಸೂರ್ಯಕಾಂತಿಯ ಹಾಗೆ ಕುಳಿತಿದ್ದಳು. ಭಿಕ್ಷುಗಳು ಒಂದೊಂದೇ ಶೀಲ ಹೇಳಿಕೊಟ್ಟರು, ಮರಳಿನ ಮೇಲೆ ಕುಳಿತವರೆಲ್ಲ ಕೂಡಿ ಹೇಳಿದರು. ರಾಯರು ನನ್ನ ಕಿವಿಯಲ್ಲಿ ಬಿಡಿಸಿ ಹೇಳುತ್ತಿದ್ದರು. “ಅದಿನ್ನಾದಾನ. ಅ-ದತ್ತ-ಆದಾನ. ಕೊಡದೇ ಇದ್ದದ್ದನ್ನ ತಗೊಳ್ಳೂದು. ಬರೇ ಕಳವು ಅಲ್ಲ ಶರಣಪ್ಪಾ, ಮಾತು ಇನ್ನೂ ದೊಡ್ಡದದ.” ಕದಿಯಬೇಡ, ಕೊಲ್ಲಬೇಡ, ಸುಳ್ಳಾಡಬೇಡ ಎನ್ನುವುದು ನಮ್ಮ ಮನೆಯಲ್ಲಿ ತೊಟ್ಟಿಲಿನಿಂದ ಕೇಳಿಕೊಂಡು ಬಂದದ್ದೇ. ಆದರೂ ಅಷ್ಟು ಮಂದಿ ಒಂದೇ ದನಿಯಲ್ಲಿ ಹೇಳುವಾಗ ಮೈ ನವಿರೆದ್ದಿತು. ಮರುದಿನ ಸೂರ್ಯ ಹುಟ್ಟುವವರೆಗೆ ಐದು ಶೀಲಗಳನ್ನು ಪಾಲಿಸುವುದೆಂದು ನಾವು ಮೂವರೂ ಒಪ್ಪಿಕೊಂಡೆವು. ನಿಮಲನೂ ಕೈ ಮುಗಿದ.

ಕುರುಣೆಗಲದ ದಾರಿ

ಆ ದಿನವೇ ಅನುರಾಧಪುರ ಮುಟ್ಟುವುದು ನಮ್ಮ ಲೆಕ್ಕವಾಗಿತ್ತು. ಕೊಲಂಬೊ ದಾಟಿ ಇನ್ನೂ ಬಹಳ ದೂರ ಹೋಗಿರಲಿಲ್ಲ, ದಾರಿಗೆ ಅಡ್ಡವಾಗಿ ಬಾವುಟ ಹಿಡಿದು ಜನ ನಿಂತಿದ್ದರು. ಯಾವುದೋ ಬಂದ್ ಇರಬೇಕೆಂದು ನಾನು ಕಿಟಕಿಯ ಗಾಜು ಏರಿಸಿದೆ. ನಿಮಲ್ ನಕ್ಕು, “ದನ್ಸಲ್ ಸೇಠ್, ಖಾನಾ!” ಎಂದ. ದಾರಿಹೋಕರನ್ನು ತಡೆದು ಉಣಬಡಿಸುವ ಚಪ್ಪರಕ್ಕೆ ದನ್ಸಲ್ ಅನ್ನುತ್ತಾರೆ. ನಮ್ಮ ದಾಸೋಹವಿದ್ದ ಹಾಗೆ. ಆದರೆ ದಾಸೋಹಕ್ಕೆ ಹಸಿದವರು ಹುಡುಕಿಕೊಂಡು ಹೋಗುತ್ತಾರೆ. ಇಲ್ಲಿ ದಾಸೋಹವೇ ನಡುರಸ್ತೆಗೆ ಬಂದು ಕೈ ಹಿಡಿದು ಎಳೆಯುತ್ತದೆ.

“ಎನ್ನ, ಎನ್ನ!” ಎಂದು ಹೆಂಗಸರು ಕರೆದರು.

ಕಸ್ತೂರಿ ಬೆರಗಾದಳು. “ಏನ್ರೀ ಇದು, ನಮ್ಮನ್ನ ನೋಡಿ ‘ಎನ್ನ, ಎನ್ನ’ ಅನ್ಲಾಕತ್ತಾರ. ನಮ್ಮವರು ಅಂತಾರೇನ್ರೀ?”

ಅವರ ಮಾತಿನಲ್ಲಿ ‘ಎನ್ನ’ ಎಂದರೆ ಬನ್ನಿ ಎಂದರ್ಥ ಎಂದು ನಿಮಲ್ ತಿಳಿಸಿದ. ಕಸ್ತೂರಿಗೆ ತನ್ನ ಅರ್ಥವೇ ಹೆಚ್ಚು ಹಿಡಿಸಿತ್ತು. ಆ ದೇಶ ಬಿಡುವವರೆಗೂ ಅವಳು ಅದನ್ನೇ ನಂಬಿದಳು.

ಚಪ್ಪರದಲ್ಲಿ ಅನ್ನ, ಬೇಳೆ, ಹಲಸಿನ ಪಲ್ಯ, ಎಲ್ಲಕ್ಕೂ ತೆಂಗಿನ ಹಾಲು. ಬಡಿಸುತ್ತಿದ್ದವನು ಖಾಕಿ ತೊಟ್ಟ ಪೊಲೀಸಪ್ಪ. ಲಾಠಿಯನ್ನು ಕಂಬಕ್ಕೆ ಒರಗಿಸಿ, ಸೌಟು ಹಿಡಿದಿದ್ದ. ರಾಯರು ಎಲೆಯ ಮುಂದೆ ಕುಳಿತು ಅವನನ್ನೇ ನೋಡಿದರು.

“ಶರಣಪ್ಪಾ, ಠಾಣೆ ಮುಚ್ಚತದ ಅಂತ ಹೋದ ವರ್ಷ ನಾ ಅಂದಿದ್ದೆನಲ್ಲಾ, ಆವಾಗ ಪೊಲೀಸರು ಏನು ಮಾಡ್ತಾರ ನೋಡು. ಸಾರು ಬಡಸ್ತಾರ!”

ಆ ಪೊಲೀಸಪ್ಪ ಬಡಿಸುವುದರಲ್ಲೂ ತನ್ನ ಹುದ್ದೆ ಬಿಟ್ಟಿರಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿದರೆ ಹುಬ್ಬು ಗಂಟಿಕ್ಕುತ್ತಿದ್ದ. ನಾವು ಹೆದರಿ ಕೈ ತೆಗೆಯುತ್ತಿದ್ದೆವು.

ಮುಂದೆ ಮತ್ತೊಂದು ಚಪ್ಪರ, ಅದರ ಮುಂದೆ ಇನ್ನೊಂದು. ಒಂದು ಕಡೆ ಬೇಯಿಸಿದ ಗೆಣಸು, ಒಂದು ಕಡೆ ಕೊತ್ತಂಬರಿ ಬೀಜದ ಕಷಾಯ, ಇನ್ನೊಂದು ಕಡೆ ಐಸ್‌ಕ್ರೀಮು. ಕುರುಣೆಗಲ ದಾಟುವ ಹೊತ್ತಿಗೆ ರಾಯರು ಧೋತರದ ಗಂಟು ಸಡಿಲಿಸಿಕೊಂಡಿದ್ದರು. ಶಿವಪೂಜೆ ಮುಗಿಸದೆ ಹೊರಗೆ ನೀರೂ ಮುಟ್ಟದ ಕಸ್ತೂರಿ, ಯಾವ ಊರು, ಯಾವ ಕೈ ಎಂದು ಕೇಳದೆ ಉಂಡಿದ್ದಳು.

ಚೆಕ್‌ಪೋಸ್ಟ್

ಯುದ್ಧ ನಿಂತಿದ್ದರೂ ಮರಳಿನ ಚೀಲದ ಗೋಡೆಗಳು ಅಲ್ಲಲ್ಲಿ ಹಾಗೇ ಇದ್ದವು. ಅಂಥದೊಂದರ ಬಳಿ ಸಿಪಾಯಿಯೊಬ್ಬ ನಗುತ್ತಲೇ ವ್ಯಾನು ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದ. ನಾನು ಸೀಟಿನ ಕೆಳಗೆ ಕೈ ಹಾಕಿದೆ. ಮತ್ತೆ ಹಾಕಿದೆ. ಆಮೇಲೆ ಮೂವರೂ ಇಳಿದು ವ್ಯಾನನ್ನೇ ತಲೆಕೆಳಗು ಮಾಡುವುದೊಂದು ಉಳಿಯಿತು.

ಚೀಲ ಇರಲಿಲ್ಲ. ಮೂವರ ಪಾಸ್‌ಪೋರ್ಟು, ತಿರುಗಿ ಹೋಗುವ ಟಿಕೆಟ್ಟು, ಹೋಟೆಲಿನ ವಿಳಾಸ ಎಲ್ಲ ಅದರಲ್ಲೇ ಇದ್ದವು. ನೀಲಿ ಬಣ್ಣದ ಕೈಚೀಲ. ಅದರ ಜಿಪ್ಪಿಗೆ ನಾನೇ ಆರಿಸಿ ಹಾಕಿದ್ದ ಹಿತ್ತಾಳೆಯ ಸಣ್ಣ ಕೀಲಿ. ನನ್ನ ಅಂಗಡಿಯಲ್ಲೇ ಗಟ್ಟಿಯಾದದ್ದು.

“ಕಸ್ತೂರಿ, ಚೀಲ ನಿನ್ನ ಹೆಗಲಿಗಿತ್ತಲ್ಲ?”

“ಕೈ ತೊಳ್ಕೊಳ್ಳೂ ಮುಂದ ನಿಮ್ಮ ಕೈಯಾಗ ಕೊಟ್ಟೆ.”

“ಆಮ್ಯಾಲ ನಾ ಕೈ ತೊಳ್ಕೊಳ್ಳೂ ಮುಂದ ರಾಯರ ಕೈಯಾಗ ಕೊಟ್ಟೆ.”

ರಾಯರು ಕಣ್ಣು ಮುಚ್ಚಿಕೊಂಡು ನಿಂತರು. “ನಾನು ಒಂದು ಟೊಂಗಿಗೆ ಹಾಕಿದೆ. ಅದು ನೆನಪದ. ಯಾವ ಊರಾಗ ಅನ್ನೂದು ನೆನಪಿಲ್ಲ.”

ಎಲ್ಲ ಚಪ್ಪರಗಳೂ ಒಂದೇ ತರಹ. ಬಿಳಿ ಬಟ್ಟೆಯ ಜನ, ಬಣ್ಣದ ಬಾವುಟ, ದೊಡ್ಡ ಹಂಡೆ, ಒಂದು ಮರ. ಸಿಪಾಯಿಗೆ ನಮ್ಮ ಮುಖ ನೋಡಿ ಪಾಪ ಎನ್ನಿಸಿರಬೇಕು. ಹಿಂತಿರುಗಿ ಹೋಗಿ ಹುಡುಕಿ, ಇವತ್ತು ವೆಸಕ್, ವೈಶಾಖದ ಹುಣ್ಣಿಮೆ, ಸಿಗುತ್ತದೆ ಎಂದ. ಅವನ ಮಾತಿನ ಮೇಲೆ ನನಗೆ ಕವಡೆಯಷ್ಟೂ ಭರವಸೆ ಬರಲಿಲ್ಲ. ಕೀಲಿ ಹಾಕಿದ ಚೀಲ ಎಂದರೆ ಒಳಗೆ ಬೆಲೆಯುಳ್ಳದ್ದೇನೋ ಇದೆ ಎಂದು ಡಂಗುರ ಹೊಡೆದಂತೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಅಂಥ ಚೀಲ ಮರೆತರೆ ತಿರುಗಿ ನೋಡುವಷ್ಟರಲ್ಲಿ ಮರವೂ ಇರುವುದಿಲ್ಲ. ಕಸ್ತೂರಿ ಮಾತ್ರ ಸೆರಗು ಸಿಕ್ಕಿಸಿಕೊಂಡು ವ್ಯಾನು ಹತ್ತಿದಳು.

“ಹತ್ರಿ. ಕುಂತ್ರ ಚೀಲ ತಾನ ನಡ್ಕೋತ ಬರ್ತದೇನು?”

ಬಂದ ದಾರಿಯಲ್ಲೇ

ಅವಸರದಲ್ಲಿದ್ದೇವೆ ಎಂಬುದು ಬಾವುಟ ಹಿಡಿದವರಿಗೆ ಹೇಗೆ ಗೊತ್ತಾಗಬೇಕು? ತಿರುಗಿ ಬರುವಾಗಲೂ ಪ್ರತಿ ಚಪ್ಪರದವರೂ ವ್ಯಾನಿಗೆ ಅಡ್ಡ ಬಂದರು. ಮೊದಲನೆಯ ಕಡೆ ಅನ್ನದ ತಟ್ಟೆ ಕಿಟಕಿಯೊಳಗೇ ಬಂತು. ಚೀಲ ನೋಡಿದಿರಾ ಎಂದು ನಿಮಲ್ ಕೇಳಿದ. ಇಲ್ಲ, ಮೊದಲು ಊಟ ಮಾಡಿ ಎಂದರು.

“ನಿಮಲ್ ಭಾಯಿ, ಸಾಬ್ ಬೀಮಾರ್ ಹೈ ಬೋಲೋ,” ಎಂದೆ ನಾನು, ಉಪಾಯ ಹೊಳೆದ ಖುಷಿಯಲ್ಲಿ.

ರಾಯರು ನನ್ನ ತೊಡೆಗೆ ಹೊಡೆದರು. “ಶರಣಪ್ಪಾ! ಸುಳ್ಳು! ಬೆಳಿಗ್ಗೆ ಏನಂತ ಹೇಳಿ ಬಂದೀ?”

“ಪಾಸ್‌ಪೋರ್ಟ್ ಹೋಗ್ಯಾವ್ರೀ ರಾಯರ!”

“ಪಾಸ್‌ಪೋರ್ಟ್ ಹೋದರ ಮತ್ತ ಸಿಗತಾವ. ಮಾತು ಹೋದರ? ಜನ್ಮ ಎಲ್ಲಾ ಕಟಕಟೆಯೊಳಗ ನಿಂತು ಆಣೆ ಮಾಡಿ ಸುಳ್ಳು ಹೇಳೂ ಮಂದೀನ್ನ ನೋಡೀನಿ. ಇದೊಂದು ದಿನ ನಾ ಅವರ ಸಾಲಿನ್ಯಾಗ ನಿಂದ್ರಂಗಿಲ್ಲ.”

ನಿಮಲ್ ಕೂಡ ತಲೆ ಅಲ್ಲಾಡಿಸಿದ. ಅವನೂ ಶೀಲ ತೆಗೆದುಕೊಂಡವನೇ. ಹೀಗಾಗಿ ನಿಜವನ್ನೇ ಹೇಳಿದೆವು: ನಾವು ಆಗಲೇ ಉಂಡಿದ್ದೇವೆ, ಹೊಟ್ಟೆ ತುಂಬಿದೆ, ಚೀಲ ಕಳೆದುಕೊಂಡಿದ್ದೇವೆ. ಕೇಳಿದವರ ಮುಖ ಬಾಡುತ್ತಿತ್ತು. “ಅಯ್ಯೋ ಪಾಪ” ಎಂಬ ಅರ್ಥದ ಮಾತೊಂದು ಬರುತ್ತಿತ್ತು. ಕಷ್ಟದಲ್ಲಿರುವವರೆಂದು ಇನ್ನೊಂದು ಸೌಟು ಹೆಚ್ಚು ಬೀಳುತ್ತಿತ್ತು. ಹೀಗೆ ಗಾಬರಿಯಿಂದ ಹುಡುಕುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಗೆಣಸು ತಿಂದೆವು, ಅನ್ನ ಉಂಡೆವು, ಮತ್ತೆ ಕಷಾಯ ಕುಡಿದೆವು. ಐಸ್‌ಕ್ರೀಮಿನ ಚಪ್ಪರದಲ್ಲಿ ರಾಯರು ಕೈ ಮುಗಿದು, “ತಾಯಿ, ನಾ ಬ್ರಾಹ್ಮಣ ಹೌದು, ಆದರ ಇಷ್ಟು ಊಟ ನನ್ನಿಂದ ಆಗೂದಿಲ್ಲ,” ಎಂದು ಕನ್ನಡದಲ್ಲೇ ಬೇಡಿಕೊಂಡರು. ಆ ತಾಯಿ ಅದನ್ನು ಇನ್ನೊಂದು ಬೇಕು ಎಂದು ತಿಳಿದಳು.

ನಾನು ನಕ್ಕುಬಿಟ್ಟೆ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವನು ನಗುವುದು ನನಗೇ ಸೋಜಿಗವಾಯಿತು. ಕಸ್ತೂರಿಯೂ ನಕ್ಕಳು. ನಿಮಲ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಎರಡೂ ಕೈಯಲ್ಲಿ ಐಸ್‌ಕ್ರೀಮು ಹಿಡಿದಿದ್ದ ರಾಯರು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ.

ವಿಹಾರದ ಅಂಗಳ

ಬಿಸಿಲು ಇಳಿಯುವ ಹೊತ್ತಿಗೆ ಒಂದು ಹಳ್ಳಿಯ ವಿಹಾರದ ಮುಂದೆ ರಾಯರು “ನಿಂದ್ರಸು, ನಿಂದ್ರಸು!” ಎಂದು ಕೂಗಿದರು. ಒಳಗೆ ಒಂದು ಅರಳಿಮರ. ಅದರ ಕೆಳಗೆ ಮರದ ಕುರ್ಚಿ. ಕುರ್ಚಿಯ ಮೇಲೆ ಬಿಳಿ ಬಟ್ಟೆ ಹಾಸಿ, ಆ ಬಟ್ಟೆಯ ಮೇಲೆ ನಮ್ಮ ನೀಲಿ ಚೀಲ ಕೂಡಿಸಿದ್ದರು. ಸುತ್ತ ಬಿಳಿ ಸೀರೆಯ ಮುದುಕಿಯರು ಚಾಪೆಯ ಮೇಲೆ ಕುಳಿತು ಅದನ್ನು ಕಾಯುತ್ತಿದ್ದರು. ನಮ್ಮ ಕಡೆ ಲಗ್ನದಲ್ಲಿ ಬೀಗರನ್ನೂ ಅಷ್ಟು ಮರ್ಯಾದೆಯಿಂದ ಕೂಡಿಸುವುದಿಲ್ಲ.

ಅವರಲ್ಲಿ ಒಬ್ಬರು ಎದ್ದು ಬಂದರು. ಸೋಮಾವತಿ ಎಂದು ಹೆಸರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ರಾಯರೊಡನೆ ಅವರು ಇಂಗ್ಲಿಷಿನಲ್ಲಾಡಿದ ಮಾತನ್ನು ರಾಯರು ನಮಗೆ ಆಗಿಂದಾಗ ಕನ್ನಡದಲ್ಲಿ ಹೇಳಿದರು. ಹೊರಗಿನ ಚಪ್ಪರದ ಮರದಲ್ಲಿ ಚೀಲ ಸಿಕ್ಕಾಗಿನಿಂದ ಸರದಿಯ ಮೇಲೆ ಕಾಯುತ್ತಿದ್ದಾರಂತೆ. ಯಾರದೋ ಮನಸ್ಸು ಎಷ್ಟು ಒದ್ದಾಡುತ್ತಿದೆಯೋ ಎಂದು ಭಿಕ್ಷುಗಳು ನಮಗಾಗಿ ಒಂದು ಪ್ರಾರ್ಥನೆಯನ್ನೂ ಮಾಡಿಸಿದರಂತೆ.

“ಒಳಗೇ ಹೋಟೆಲಿನ ವಿಳಾಸ ಇತ್ತಲ್ಲ,” ಎಂದರು ರಾಯರು. “ತೆರೆದು ನೋಡಿ ಒಂದು ಫೋನು ಮಾಡಿದ್ದರೆ ನಮಗೂ ನಿಮಗೂ ಇಷ್ಟು ಕಷ್ಟವಿರಲಿಲ್ಲ.”

ಸೋಮಾವತಿ ಗಲ್ಲಕ್ಕೆ ಕೈ ಹಚ್ಚಿಕೊಂಡರು. “ಆ ಮಾತು ನಮ್ಮಲ್ಲೂ ಬಂತು. ಮಧ್ಯಾಹ್ನವೆಲ್ಲ ವಾದ ಮಾಡಿದೆವು. ಕೆಲವರು ತೆರೆಯೋಣ ಎಂದರು. ಆದರೆ ಚೀಲಕ್ಕೆ ಬೀಗ ಹಾಕಿದೆ. ಬೀಗ ಹಾಕಿದವರು ಇದನ್ನು ನೋಡಬೇಡಿ ಎಂದು ಹೇಳಿದ ಹಾಗಲ್ಲವೇ? ಕೊಡದಿರುವುದನ್ನು ಇವತ್ತು ಹೇಗೆ ತೆಗೆದುಕೊಳ್ಳುವುದು?”

ನಾನು ತಲೆ ಕೆರೆದುಕೊಂಡೆ. ಕಳ್ಳರಿಂದ ಕಾಯಲೆಂದು ಹಾಕಿದ ಕೀಲಿ, ಪ್ರಾಮಾಣಿಕರನ್ನು ದಿನವಿಡೀ ಕಟ್ಟಿಹಾಕಿತ್ತು. ಶೀಲದ ಜೊತೆ ಒಂದಿಷ್ಟು ಸಡಿಲವೂ ಬೇಕಾಗುತ್ತದೆ ಎಂದು ನನಗನ್ನಿಸಿತು. ಇಡೀ ಊರು ಹೀಗಾದರೆ ಅಂಚೆಯವನು ವಿಳಾಸ ಓದಲೂ ಅಪ್ಪಣೆ ಕೇಳುತ್ತಾನೇನೋ!

ಆದರೂ ಚೀಲ ನಮ್ಮದೆಂದು ಅವರಿಗೆ ರುಜುವಾತು ತೋರಿಸಬೇಕಲ್ಲ. ಅಂಗಿಯ ಒಳಜೇಬಿನಿಂದ ಕೀಲಿಕೈ ತೆಗೆದೆ. “ನೋಡ್ರಿ, ಇದರ ಕೀಲಿಕೈ ನನ್ನ ಹತ್ರ ಅದ. ಒಳಗ ಮೂರು ಪಾಸ್‌ಪೋರ್ಟ್, ಮ್ಯಾಲಿನದು ರಾಯರದು, ಫೋಟೋದಾಗ ಚಸ್ಮ...” ಎಂದು ಉಸಿರು ಬಿಡದೆ ಹೇಳತೊಡಗಿದೆ. ರಾಯರು ಅನುವಾದಿಸಲು ಬಾಯಿ ತೆರೆದರು.

ಹಿರಿಯ ಭಿಕ್ಷು ಅಷ್ಟರಲ್ಲಿ ಬಂದು ನಿಂತಿದ್ದರು. ನನ್ನ ಕೀಲಿಕೈಯ ಮೇಲೆ ಮೆಲ್ಲನೆ ತಮ್ಮ ಕೈಯಿಟ್ಟು ಅದನ್ನು ಕೆಳಗಿಳಿಸಿದರು. ಏನೋ ಹೇಳಿದರು. ಸೋಮಾವತಿ ಇಂಗ್ಲಿಷಿಗೆ ತಿರುಗಿಸಿದರು.

ರಾಯರು ಚಸ್ಮ ತೆಗೆದರು. 

“ಏನಂತ್ರೀ?” ಎಂದೆ.

“ರುಜುವಾತು ಬ್ಯಾಡಂತ ಶರಣಪ್ಪಾ. ‘ನಮ್ಮದು’ ಅಂತ ನೀವು ಅಂದೀರಿ, ಸಾಕು ಅಂತ.”

ಸೋಮಾವತಿ ಎರಡೂ ಕೈಯಿಂದ ಚೀಲ ಎತ್ತಿ ಕಸ್ತೂರಿಯ ಕೈಗೆ ಕೊಟ್ಟರು. ನಾನು ಕೀಲಿಕೈಯನ್ನು ತಿರುಗಿ ಒಳಜೇಬಿಗೆ ಹಾಕಿಕೊಂಡೆ. ನನ್ನ ಒಂದು ಮಾತನ್ನು ಎಳೆದು ನೋಡದೆ, ಕುಟ್ಟಿ ನೋಡದೆ ಹಾಗೆಯೇ ತೆಗೆದುಕೊಂಡವರನ್ನು ನಾನು ಕಂಡದ್ದು ಅದೇ ಮೊದಲು. ಎದೆಯೊಳಗೆ ಏನೋ ಸಡಿಲವಾದ ಹಾಗೆ, ಬಿಗಿ ಅಂಗಿಯ ಗುಂಡಿ ಬಿಚ್ಚಿದ ಹಾಗೆ ಆಯಿತು. ರಾಯರು ಮುಖ ತಿರುಗಿಸಿಕೊಂಡು ಚಸ್ಮ ಒರೆಸುತ್ತಿದ್ದರು. “ಇಡೀ ನೌಕರಿಯೊಳಗ,” ಎಂದರು, “ಆಣೆ ಇಲ್ಲದ, ಸಾಕ್ಷಿ ಇಲ್ಲದ ಒಂದು ಕೇಸೂ ಹಿಂಗ ಮುಗದಿದ್ದು ನೋಡಿಲ್ಲ.”

ಕಸ್ತೂರಿ ಏನು ಮಾಡಿದಳೆಂದರೆ, ವ್ಯಾನಿಗೆ ಓಡಿ ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ ತಂದಳು. ಆದರೆ ಆ ಮುದುಕಿಯರು ಮಧ್ಯಾಹ್ನ ಕಳೆದ ಮೇಲೆ ಉಣ್ಣದ ವ್ರತದವರು. ರೊಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ, ತಟ್ಟಿ ಸದ್ದು ಕೇಳಿ ನಗುತ್ತ, ಮುಂಜಾನೆ ತಿನ್ನುತ್ತೇವೆಂದು ಎತ್ತಿಟ್ಟುಕೊಂಡರು.

ಮರದ ಕೆಳಗೆ ಸೊಳ್ಳೆ ಸುರುವಾಗಿದ್ದವು. ಕಸ್ತೂರಿ ತನ್ನ ಹಳೆಯ ಪ್ರಶ್ನೆಯನ್ನು ರಾಯರ ಮೂಲಕ ಕೇಳಿಯೇ ಬಿಟ್ಟಳು: ಸೊಳ್ಳೆ ಕಚ್ಚಿದರೆ ನೀವೇನು ಮಾಡುತ್ತೀರಿ?

“ಇವತ್ತು ಊದಿ ಓಡಿಸುತ್ತೇವೆ,” ಎಂದರು ಸೋಮಾವತಿ. “ನಾಳೆ ಹೊಡೆಯುತ್ತೇವೆ.”

ಮುದುಕಿಯರೆಲ್ಲ ಗೊಳ್ಳೆಂದು ನಕ್ಕರು. ಸೋಮಾವತಿ ನಗು ನಿಲ್ಲಿಸಿ ಮತ್ತೆ ಹೇಳಿದರು. ಅವರ ಮಗ ಸೈನ್ಯದಲ್ಲಿ, ಉತ್ತರದಲ್ಲಿದ್ದಾನೆ. ಹಿಂದೆಲ್ಲ ವೆಸಕ್ ಬಂದರೆ ಕೊಲ್ಲುವುದಿಲ್ಲ ಎಂಬ ಮೊದಲನೆಯ ಶೀಲ ಹೇಳುವಾಗ ಅವರ ನಾಲಗೆ ಏಳುತ್ತಿರಲಿಲ್ಲ. ಈ ವರ್ಷ ಅವನು ಫೋನು ಮಾಡಿ, ತಮ್ಮ ತುಕಡಿಗೆ ಗೂಡುದೀಪ ಕಟ್ಟುವ ಕೆಲಸ ಕೊಟ್ಟಿದ್ದಾರೆ, ಅಂಟು ಮೆತ್ತಿ ಕೈಯೆಲ್ಲ ಹಾಳಾಗಿದೆ ಎಂದು ದೂರಿದನಂತೆ. “ಆ ದೂರು ಕೇಳಲು ಎಷ್ಟು ಹಿತವಾಗಿತ್ತು ಗೊತ್ತೇ? ಎಲ್ಲರೂ ಎಲ್ಲ ದಿನವೂ ಶೀಲ ಪಾಲಿಸುವುದನ್ನು ನಾನು ನೋಡುವುದಿಲ್ಲ. ಆದರೆ ಒಂದು ದಿನ ತಡೆದ ಕೈಗೆ ಮರುದಿನ ಸ್ವಲ್ಪ ನೆನಪಿರುತ್ತದೆ.”

ಕಸ್ತೂರಿ ಆ ಹೆಂಗಸಿನ ಕೈ ಹಿಡಿದುಕೊಂಡಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹೊರಡುವಾಗ ಸೋಮಾವತಿ ಬಾಗಿಲವರೆಗೆ ಬಂದು, ಮತ್ತೆ ಬರಬೇಕು ಎಂಬಂತೆ “ಎನ್ನ” ಎಂದರು. ಕಸ್ತೂರಿ ಕಣ್ಣೊರೆಸಿಕೊಂಡು, “ಹೌದವ್ವಾ, ಎನ್ನ,” ಎಂದಳು.

ಅನುರಾಧಪುರ, ಮರುದಿನ

ಬೆಳಗಾಯಿತು, ಶೀಲ ಮುಗಿಯಿತು. ಮಹಾಬೋಧಿ ಮರಕ್ಕೆ ಕೈಮುಗಿದು ಪೇಟೆಗೆ ಬಂದರೆ ಚೌಕಾಸಿ ಸುರುವಾಗಿತ್ತು. ಆಟೋದವನು ಬಾಯಿಗೆ ಬಂದ ಬಾಡಿಗೆ ಹೇಳಿದ. ನನಗೆ ಒಮ್ಮೆಲೇ ಊರಿಗೆ ಬಂದಷ್ಟು ಆರಾಮೆನಿಸಿತು. ನಿಮಲ್ ಅವನೊಡನೆ ಜಗಳಕ್ಕೆ ನಿಂತ. ಪೊಲೀಸಪ್ಪನೊಬ್ಬ ಲಾಠಿ ತಿರುಗಿಸುತ್ತ ಬಂದ.

ಕಸ್ತೂರಿ ಹೊಸ ಸೀರೆಯೊಂದನ್ನು ಕೊಂಡು ಮೈಮೇಲೆ ಹಿಡಿದು ನನ್ನ ಕಡೆ ತಿರುಗಿದಳು. ನಾನು ಆಕಾಶ ನೋಡಿದೆ. ಸೂರ್ಯ ಚೆನ್ನಾಗಿ ಮೇಲೇರಿದ್ದ.

“ಭಾಳ ಒಪ್ತದ,” ಎಂದೆ.

ಕಮಲಾಪುರ

ಊರಿಗೆ ಬಂದ ಮೇಲೆ ರಾಯರು ಕಂಡವರಿಗೆಲ್ಲ ಕಥೆ ಹೇಳಿದರು. ಕೇಳಿದವರು ಚಂದ ಅದ ಎಂದು ಚಹಾ ಕುಡಿದು ಹೋದರು. ಇಷ್ಟರಲ್ಲೇ ಕಾರಹುಣ್ಣಿಮೆ ಬಂತು. ಆ ದಿನ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಿಹಿ ಉಣಿಸುತ್ತಾರೆ. ನಾವೆಲ್ಲ ಕಮಲಾಪುರದ ಅಣ್ಣನ ಮನೆಗೆ ಸೇರಿದ್ದೆವು. ರಾಯರೂ ಬಂದಿದ್ದರು.

ಕಸ್ತೂರಿ ಗೋಧಿ ಹುಗ್ಗಿಯ ಹಂಡೆಯ ಮುಂದೆ ನಿಂತು, “ಎತ್ತಿಗಿ ಹಬ್ಬ ಮಾಡ್ತೀವಿ. ದಾರ್‍ಯಾಗ ಹೋಗೂ ಮಂದಿಗಿ ಯಾಕ ಮಾಡಬಾರದು?” ಎಂದಳು. ಅಣ್ಣ ನಕ್ಕ. ಆದರೂ ತೋಟದಿಂದ ಕೆಂಪು ಬಾಳೆಹಣ್ಣಿನ ಗೊನೆಗಳನ್ನು ಹೊತ್ತು ತಂದವನು ಅವನೇ. ಬೀದರಿನ ಕಡೆ ಹೋಗುವ ಹೆದ್ದಾರಿಯ ಪಕ್ಕದ ಬೇವಿನಮರದ ಕೆಳಗೆ ಹಂಡೆ ಇಟ್ಟೆವು, ಮಜ್ಜಿಗೆಯ ಕೊಡ ಇಟ್ಟೆವು. ರಾಯರು ಶಲ್ಯೆಯನ್ನು ಕೋಲಿಗೆ ಕಟ್ಟಿ ರಸ್ತೆಗೆ ಇಳಿದರು.

ಮೊದಲ ಜೀಪು ನಮ್ಮನ್ನು ನೋಡಿ ವೇಗ ಹೆಚ್ಚಿಸಿತು. ಎರಡನೆಯವನು ಕಿಟಕಿಯಿಂದಲೇ “ಚಂದಾ ಕೊಟ್ಟೀವ್ರೀ, ಹಿಂದಿನ ಊರಾಗ ಕೊಟ್ಟೀವಿ!” ಎಂದು ಕೂಗಿ ಪಾರಾದ. ಒಂದು ಬಸ್ಸು ನಿಂತಿತು. ಕಂಡಕ್ಟರ್ ಇಳಿದು, ಇಲ್ಲಿ ಸ್ಟಾಪ್ ಇಲ್ಲ ಎಂದು ರಾಯರೊಡನೆ ವಾದಕ್ಕೆ ನಿಂತ. ಒಳಗಿನಿಂದ ಒಬ್ಬ ಮುದುಕ ತಲೆ ಹೊರಹಾಕಿ, “ಯಾವ ಪಾರ್ಟಿದವರ್ರೀ ನೀವು?” ಎಂದು ಕೇಳಿದ.

“ಹೊಟ್ಟಿ ಪಾರ್ಟಿ,” ಎಂದರು ರಾಯರು.

ಬಸ್ಸಿನ ತುಂಬ ನಗು ಹಬ್ಬಿತು. ಕಸ್ತೂರಿ ಬಾಳೆಹಣ್ಣಿನ ಬುಟ್ಟಿ ಹಿಡಿದು ಒಳಗೇ ಹತ್ತಿಬಿಟ್ಟಳು. ಕಡೆಗೆ ಕಂಡಕ್ಟರನೂ ಹುಗ್ಗಿ ಉಂಡು, ಸೀಟಿ ಊದಲು ಮರೆತು, ಬಾಯಿಯಿಂದಲೇ ‘ರೈಟ್’ ಎಂದ.

ಆಮೇಲೆ ಹೈದರಾಬಾದಿನ ಕಡೆಯ ಒಂದು ಲಾರಿ. ಗಡ್ಡದ ಡ್ರೈವರು ಬಲು ಅನುಮಾನದಿಂದ ನಿಲ್ಲಿಸಿದ.

“ಕಾಯ್‌ಕು ರೋಕ್ತೇ? ಕ್ಯಾ ಹೋನಾ?”

“ಕುಚ್ ನಕ್ಕೋ ಭಾಯಿ. ಖಾಕೇ ಜಾವ್,” ಎಂದೆ, ಏನೂ ಬೇಡ, ಉಂಡು ಹೋಗು ಎಂದು.

ಅವನು ನಂಬಲಿಲ್ಲ. ಲಾರಿಯ ಹಿಂದೆ ಯಾರಾದರೂ ಹತ್ತುತ್ತಿದ್ದಾರೇನೋ ಎಂದು ಕನ್ನಡಿಯಲ್ಲಿ ನೋಡಿದ. ಇಳಿದು ಚಕ್ರ ನೋಡಿದ. ಹಂಡೆಯೊಳಗೆ ಬಗ್ಗಿ ನೋಡಿದ. ನಮ್ಮಣ್ಣ ಎಲೆ ಹಾಕಿದ. ಡ್ರೈವರು ಉಂಡ. ಮತ್ತೆ ಬಡಿಸಿಕೊಂಡು ಉಂಡ. ಹಣ್ಣಿನ ಸಿಪ್ಪೆ ಸುಲಿಯುತ್ತ, ಯಾರದಾದರೂ ಲಗ್ನವೇ, ಹರಕೆಯೇ ಎಂದು ಕೇಳಿದ. ಏನೂ ಇಲ್ಲ ಎಂದೆವು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡು ಲಾರಿಯ ಕಡೆ ನಡೆದ.

ಹೊರಟನೆಂದುಕೊಂಡೆವು. ಅವನು ಲಾರಿಯನ್ನು ರಸ್ತೆಯ ಬದಿಗೆ ಸರಿಸಿ ಎಂಜಿನ್ ಬಂದ್ ಮಾಡಿದ. ಸೀಟಿನ ಕೆಳಗಿನಿಂದ ಕೆಂಪು ಬಟ್ಟೆಯೊಂದನ್ನು ತೆಗೆದುಕೊಂಡು ಇಳಿದ. ನೇರ ನಡುರಸ್ತೆಗೆ ಹೋಗಿ ರಾಯರ ಪಕ್ಕದಲ್ಲಿ ನಿಂತು, ದೂರದಲ್ಲಿ ಬರುತ್ತಿದ್ದ ಇನ್ನೊಂದು ಲಾರಿಗೆ ಎರಡೂ ಕೈಯಿಂದ ಅದನ್ನು ಬೀಸತೊಡಗಿದ.

“ರುಕೋ ಭಾಯಿ, ರುಕೋ! ಡರೋ ನಕ್ಕೋ! ಖಾಕೇಚ್ ಜಾನಾ!”